ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ

"ಎಲ್ಲಾ ಜೋಡಿಸಿದೀನಿ ಮೇಡಂ. ಸ್ವಿಚ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ, ಲೈಟ್ ಬರುತ್ತೆ. ಡಿಸ್‌ಪ್ಲೇ ಮಾತ್ರ ಬರ್ತಾ ಇಲ್ಲ. ಯಾವ ಪಾರ್ಟ್ ಹೋಗಿರಬಹುದು?" ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಇದರಷ್ಟು ಸಲ ಬಂದದ್ದು ಇನ್ನೊಂದಿಲ್ಲ. ಕೇಳುವವರು ಹೆಚ್ಚಾಗಿ ಕಾಲೇಜಿನ ಹುಡುಗ ಹುಡುಗಿಯರು. ಸ್ಕಾಲರ್‌ಶಿಪ್ ಹಣಕ್ಕೆ ಅಣ್ಣನ ಸಂಬಳದ ಒಂದು ಪಾಲು ಸೇರಿಸಿ, ತಿಂಗಳುಗಟ್ಟಲೆ ಬೆಲೆ ನೋಡಿ, ಒಂದೊಂದೇ ಪಾರ್ಟ್ ತರಿಸಿಕೊಂಡು ಮೊದಲ ಬಾರಿಗೆ ಸ್ವಂತ ಕೈಯಿಂದ ಕಂಪ್ಯೂಟರ್ ಕಟ್ಟಿದವರು. ಪರದೆ ಕಪ್ಪಾಗಿಯೇ ಉಳಿದಾಗ ಅವರ ಹೊಟ್ಟೆಯಲ್ಲಿ ಏಳುವ ಸಂಕಟ ನನಗೆ ಗೊತ್ತು. "ರೆಡಿಮೇಡ್ ತಗೋ ಅಂತ ಆಗಲೇ ಹೇಳಿದ್ದೆ" ಎಂದು ಮನೆಯ ಹಿರಿಯರು ಅನ್ನುವುದೂ ಅದೇ ಗಳಿಗೆಯಲ್ಲಿ.

ಮೊದಲು ಧೈರ್ಯದ ಮಾತು. ಹೊಸದಾಗಿ ಜೋಡಿಸಿದ ಯಂತ್ರ ಏಳದಿದ್ದರೆ ಯಾವುದೋ ಪಾರ್ಟ್ ಸುಟ್ಟುಹೋಗಿದೆ ಎಂದು ಭಾವಿಸಬೇಕಿಲ್ಲ. ನಾನು ಕಂಡವುಗಳಲ್ಲಿ ಹೆಚ್ಚಿನವು ಪೂರ್ತಿ ಕೂರದ ರ‍್ಯಾಮ್, ಸಿಕ್ಕಿಸದೆ ಬಿಟ್ಟ ಕೇಬಲ್, ತಪ್ಪು ಜಾಗಕ್ಕೆ ಹೋದ ಮಾನಿಟರ್ ವೈರ್ ಇಂಥವೇ. ಹಾಗಾಗಿ "ಯಾವ ಪಾರ್ಟ್ ಹೋಗಿದೆ" ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ. ಊರಿನಿಂದ ಹೊರಟ ಬಸ್ಸು ಇನ್ನೂ ಬಂದಿಲ್ಲ ಎಂದರೆ ನಾವು ಮೊದಲು ವಿಚಾರಿಸುವುದು ಅದು ಎಲ್ಲಿಯವರೆಗೆ ಬಂದಿತ್ತು ಎಂದು. ಕಂಪ್ಯೂಟರಿಗೂ ಕೇಳಬೇಕಾದದ್ದು ಅದನ್ನೇ. ಗುಂಡಿ ಒತ್ತಿದ ಮೇಲೆ ಅದು ಎಲ್ಲಿಯವರೆಗೆ ನಡೆದು ನಿಂತಿತು? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಅದಕ್ಕೆ ದಾರಿ ಗೊತ್ತಿರಬೇಕು. ಇಂಟೆಲ್ ಕಂಪನಿ 1995ರಲ್ಲಿ ತಂದ ಎಟಿಎಕ್ಸ್ ವ್ಯವಸ್ಥೆಯನ್ನೇ ಇಂದಿಗೂ ನಮ್ಮ ಮನೆಯ ಡೆಸ್ಕ್‌ಟಾಪ್‌ಗಳು ಅನುಸರಿಸುತ್ತವೆ. ಇದರಲ್ಲಿ ಕ್ಯಾಬಿನೆಟ್ಟಿನ ಮುಂದಿರುವ ಗುಂಡಿ ನೇರವಾಗಿ ಕರೆಂಟ್ ಹರಿಸುವುದಿಲ್ಲ. ಆ ಕೆಲಸ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯದ್ದು. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಹಾಕಿದ್ದರೆ 5 ವೋಲ್ಟಿನ ಸಣ್ಣ ಕರೆಂಟ್ ಮದರ್‌ಬೋರ್ಡಿಗೆ ಸದಾ ಸಿಗುತ್ತಿರುತ್ತದೆ. ನೀವು ಗುಂಡಿ ಒತ್ತಿದಾಗ ಮದರ್‌ಬೋರ್ಡು "ಈಗ ಪೂರ್ತಿ ಕೊಡು" ಎಂದು ಎಸ್‌ಎಂಪಿಎಸ್‌ಗೆ ಸೂಚನೆ ಕಳಿಸುತ್ತದೆ. ಎಸ್‌ಎಂಪಿಎಸ್ 12, 5 ಮತ್ತು 3.3 ವೋಲ್ಟುಗಳನ್ನು ಹೊರಡಿಸಿ, ಅವು ಸ್ಥಿರವಾದ ಮೇಲೆ "ಎಲ್ಲ ಸರಿಯಿದೆ" ಎಂಬ ಮರುಸೂಚನೆ ಕೊಡುತ್ತದೆ. ಇಷ್ಟೂ ಆಗುವುದು ಕ್ಷಣಾರ್ಧದಲ್ಲಿ. ಆ ಬಳಿಕವೇ ಪ್ರೊಸೆಸರ್ ಕೆಲಸ ಆರಂಭಿಸಿ ಬಯಾಸ್ ಚಿಪ್‌ನಲ್ಲಿರುವ ಸೂಚನೆಗಳನ್ನು ಓದುತ್ತದೆ. ಮೊದಲು ತನ್ನನ್ನು, ಆಮೇಲೆ ರ‍್ಯಾಮ್ ಅನ್ನು, ಆಮೇಲೆ ಗ್ರಾಫಿಕ್ಸ್ ಅನ್ನು ಪರೀಕ್ಷಿಸುತ್ತದೆ. ಕೊನೆಗೆ ವಿಂಡೋಸ್ ಅಥವಾ ಲಿನಕ್ಸ್ ಇರುವ ಡ್ರೈವ್ ಎಲ್ಲಿದೆ ಎಂದು ಹುಡುಕುತ್ತದೆ. ಈ ಸ್ವಯಂ ಪರೀಕ್ಷೆಗೆ ಪೋಸ್ಟ್ ಎನ್ನುತ್ತಾರೆ. 1981ರ ಮೊದಲ ಐಬಿಎಂ ಪಿಸಿಯಲ್ಲೂ ಇದು ಇತ್ತು. ಎಡವಿದರೆ ಒಳಗಿನ ಸ್ಪೀಕರಿನಿಂದ ಬೀಪ್ ಸದ್ದಿನ ಮೂಲಕ ಹೇಳುತ್ತಿತ್ತು.

ಏನೂ ಅಲುಗಾಡದಿದ್ದರೆ, ಅಂದರೆ ಫ್ಯಾನೂ ಇಲ್ಲ, ದೀಪವೂ ಇಲ್ಲ ಎಂದಾದರೆ, ಮೊದಲ ಹೆಜ್ಜೆಯೇ ಆಗಿಲ್ಲ ಎಂದರ್ಥ. ಇದು ನಿಜಕ್ಕೂ ಸುಲಭದ ಕೇಸು. ಗೋಡೆಯ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್‌ನಲ್ಲಿ ಸೊನ್ನೆಯ ಗುರುತಿದ್ದರೆ ಆಫ್, ಗೆರೆಯ ಗುರುತಿದ್ದರೆ ಆನ್. ಮದರ್‌ಬೋರ್ಡಿನ ಅಂಚಿಗೆ ಹೋಗುವ 24 ಪಿನ್ನಿನ ದಪ್ಪ ಕನೆಕ್ಟರ್ ಕೊಂಡಿ ಬೀಳುವವರೆಗೆ ಒಳಗೆ ಹೋಗಿರಬೇಕು. ಹೊಸ ಬೋರ್ಡಿನಲ್ಲಿ ಅದು ಬಿಗಿಯಾಗಿರುತ್ತದೆ, ಬೋರ್ಡು ಬಾಗುವುದನ್ನು ಕಂಡು ಅನೇಕರು ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಬೋರ್ಡಿನ ಅಡಿಗೆ ಬೆರಳು ಆನಿಸಿಕೊಂಡು ನಿಧಾನವಾಗಿ ಒತ್ತಿ. ಇವೆಲ್ಲ ಸರಿಯಿದ್ದರೆ ಅನುಮಾನ ಕ್ಯಾಬಿನೆಟ್ ಗುಂಡಿಯಿಂದ ಬರುವ ಸಪೂರ ವೈರಿನ ಮೇಲೆ. ಬೋರ್ಡಿನ ಮೂಲೆಯಲ್ಲಿ ಒತ್ತೊತ್ತಾಗಿರುವ ಪುಟ್ಟ ಪಿನ್ನುಗಳಲ್ಲಿ ಅದು ಒಂದು ಪಿನ್ ಆಚೀಚೆಯಾದರೂ ಗುಂಡಿ ಕೆಲಸ ಮಾಡದು. ವೈರನ್ನು ತೆಗೆದು, ಮ್ಯಾನುಯಲ್‌ನಲ್ಲಿ ಪವರ್ ಸ್ವಿಚ್ ಎಂದು ತೋರಿಸಿರುವ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒಂದು ಕ್ಷಣ ತಾಗಿಸಿ. ಅಲ್ಲಿರುವುದು ಬಹಳ ಕಡಿಮೆ ವೋಲ್ಟೇಜು, ಶಾಕ್ ಹೊಡೆಯುವುದಿಲ್ಲ. ಯಂತ್ರ ಎದ್ದರೆ ತಪ್ಪು ಗುಂಡಿಯದ್ದು ಅಥವಾ ಅದರ ವೈರಿನದ್ದು. ಸ್ವಿಚ್ಚಿನ ವೈರನ್ನು ತಿರುಗಾಮುರುಗಾ ಹಾಕಿದರೂ ನಡೆಯುತ್ತದೆ, ಎಲ್‌ಇಡಿ ವೈರಿಗೆ ಮಾತ್ರ ಪ್ಲಸ್ ಮೈನಸ್ ನೋಡಬೇಕು.

ಫ್ಯಾನು ಒಂದು ಸುತ್ತು ತಿರುಗಿ ತಟ್ಟನೆ ನಿಂತರೆ ಅದು ಬೇರೆ ಸಂಗತಿ. ಎಲ್ಲೋ ಶಾರ್ಟ್ ಆಗುತ್ತಿದೆ, ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಪದೇ ಪದೇ ಗುಂಡಿ ಒತ್ತಬೇಡಿ. ಬೋರ್ಡಿನ ಕೆಳಗೆ ಹಿತ್ತಾಳೆಯ ಸಣ್ಣ ಆಧಾರಗಳಿರುತ್ತವೆ, ಸ್ಟ್ಯಾಂಡ್‌ಆಫ್ ಎನ್ನುತ್ತಾರೆ. ಬೋರ್ಡಿನಲ್ಲಿ ತೂತಿಲ್ಲದ ಜಾಗದ ಅಡಿಯಲ್ಲಿ ಒಂದು ಹೆಚ್ಚುವರಿ ಆಧಾರ ಉಳಿದಿದ್ದರೆ ಅದು ಬೋರ್ಡಿನ ಬೆನ್ನಿಗೆ ತಾಗುತ್ತದೆ. ಕೈಜಾರಿ ಬಿದ್ದ ಸ್ಕ್ರೂ ಅಡಿಯಲ್ಲಿ ಸಿಕ್ಕಿಕೊಂಡಿದ್ದರೂ ಇದೇ ಗತಿ.

ಇನ್ನು ನಮ್ಮ ಮುಖ್ಯ ಕೇಸು, ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ಫ್ಯಾನು ತಿರುಗಿದ್ದರಿಂದ ಕರೆಂಟ್ ಬಂದಿದೆ ಎಂದಷ್ಟೇ ತಿಳಿಯುತ್ತದೆ, ಪ್ರೊಸೆಸರ್ ಎದ್ದಿದೆ ಎಂದಲ್ಲ. ಪ್ರೊಸೆಸರಿಗೆ ಪ್ರತ್ಯೇಕ ಕೇಬಲ್ ಬೇಕು. ಬೋರ್ಡಿನ ಮೇಲ್ತುದಿಯಲ್ಲಿ, ಕೂಲರಿನ ಮರೆಯಲ್ಲಿ, ಎಂಟು ಪಿನ್ನಿನ ಒಂದು ಸಾಕೆಟ್ ಇದೆ. ಕ್ಯಾಬಿನೆಟ್ ಒಳಗೆ ಬೋರ್ಡು ಕೂರಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದೇ ಕಷ್ಟ, ಹಾಗಾಗಿ ಹೆಚ್ಚು ಮರೆತುಹೋಗುವ ಕೇಬಲ್ ಇದೇ. ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನ ಕೇಬಲ್ ನೋಡಲು ಹಾಗೆಯೇ ಕಾಣುತ್ತದೆ, ಆದರೆ ಎರಡೂ ಬೇರೆ. ಪ್ರೊಸೆಸರಿನದ್ದು ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಗ್ರಾಫಿಕ್ಸಿನದ್ದು ಆರು ಮತ್ತು ಎರಡಾಗಿ. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತದಿಂದ ತುರುಕಿದರೆ ನಿಜವಾಗಿಯೂ ಏನಾದರೂ ಸುಡುತ್ತದೆ. ಕೇಬಲ್‌ಗಳನ್ನು ಬಿಚ್ಚಿ ಹಾಕಬಹುದಾದ ಎಸ್‌ಎಂಪಿಎಸ್ ನಿಮ್ಮದಾಗಿದ್ದರೆ ಇನ್ನೊಂದು ಎಚ್ಚರಿಕೆ: ಬೇರೆ ಕಂಪನಿಯ ಎಸ್‌ಎಂಪಿಎಸ್‌ನ ಹಳೆಯ ಕೇಬಲ್ ಸರಿಯಾಗಿ ಕೂರುತ್ತದೆ ಎಂದು ಬಳಸಲೇಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ.

ಎಂಟು ಪಿನ್ ಸರಿಯಿದೆ ಎಂದಾದರೆ ಮಾನಿಟರಿನ ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಚ್‌ಡಿಎಂಐ ವೈರು ಕಾರ್ಡಿನ ಹಿಂಬದಿಗೇ ಹೋಗಬೇಕು, ಮದರ್‌ಬೋರ್ಡಿನದ್ದಕ್ಕಲ್ಲ. ಕಾರ್ಡ್ ಇಲ್ಲದೆ ಕಟ್ಟಿದವರು ತಮ್ಮ ಪ್ರೊಸೆಸರಿನ ಹೆಸರನ್ನು ಇನ್ನೊಮ್ಮೆ ಓದಬೇಕು. ಇಂಟೆಲ್ ಪ್ರೊಸೆಸರಿನ ಹೆಸರು ಎಫ್ ಅಕ್ಷರದಲ್ಲಿ ಮುಗಿದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಜೆನ್ 5 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಒಂದು ಅಕ್ಷರದ ವ್ಯತ್ಯಾಸವನ್ನು ಗಿರಾಕಿಗೆ ಬಾಯಿಬಿಟ್ಟು ಹೇಳುವ ಅಂಗಡಿಯವರನ್ನು ನಾನು ಗೌರವಿಸುತ್ತೇನೆ. ಹೇಳದಿದ್ದರೆ ಮದರ್‌ಬೋರ್ಡಿನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದೂ ಚಿತ್ರ ಬರುವುದಿಲ್ಲ, ಹುಡುಗರು ಬೋರ್ಡನ್ನೇ ಅನುಮಾನಿಸುತ್ತಾರೆ.

ಆಮೇಲೆ ರ‍್ಯಾಮ್. ಡಿಸ್‌ಪ್ಲೇ ಬಾರದಿದ್ದಾಗ ನನ್ನ ಮೊದಲ ಅನುಮಾನ ಇದರ ಮೇಲೆಯೇ ಹೋಗುತ್ತದೆ. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಎರಡು ರ‍್ಯಾಮ್ ಹಾಕುವಾಗ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಒಂದೇ ಇದ್ದರೆ ಎರಡನೆಯದಕ್ಕೆ. ಬಹುತೇಕ ಬೋರ್ಡುಗಳಲ್ಲಿ ಹೀಗೆಯೇ, ಖಚಿತಪಡಿಸಿಕೊಳ್ಳಲು ಮ್ಯಾನುಯಲ್ ಇದೆ. ಒಂದು ಕಡೆ ಮಾತ್ರ ಕೊಂಡಿ ಇರುವ ಬೋರ್ಡುಗಳಲ್ಲಿ ಇನ್ನೊಂದು ತುದಿ ಪೂರ್ತಿ ಕೂರದೆಯೂ ಕೂತಂತೆ ಕಾಣುತ್ತದೆ. ತೆಗೆದು, ಎರಡೂ ತುದಿಗಳನ್ನು ಒಂದಾದ ಮೇಲೊಂದು ಗಟ್ಟಿಯಾಗಿ ಒತ್ತಿ. "ಟಕ್" ಎನ್ನಬೇಕು. ಎರಡು ರ‍್ಯಾಮ್ ಇದ್ದರೆ ಒಂದನ್ನು ತೆಗೆದಿಟ್ಟು ಪರೀಕ್ಷಿಸಿ, ಆಮೇಲೆ ಅದಲು ಬದಲು ಮಾಡಿ. ಹಳೆಯ ರ‍್ಯಾಮಿನ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ನಮ್ಮ ರಿಪೇರಿ ಅಂಗಡಿಗಳಲ್ಲಿದೆ. ಹೊಸದಕ್ಕೆ ಅದರ ಅಗತ್ಯವಿಲ್ಲ.

ಡಿಡಿಆರ್5 ರ‍್ಯಾಮ್ ಹಾಕಿದವರಿಗೆ ಇನ್ನೊಂದು ಮಾತು, ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ದಯವಿಟ್ಟು ಕಾಯಿರಿ. ಮೊದಲ ಸಲ ಆನ್ ಮಾಡಿದಾಗ ಬೋರ್ಡು ಈ ರ‍್ಯಾಮಿನೊಂದಿಗೆ ಯಾವ ವೇಗದಲ್ಲಿ, ಯಾವ ಹೊಂದಾಣಿಕೆಯಲ್ಲಿ ಮಾತಾಡಬಹುದೆಂದು ಅಳೆದು ನೋಡುತ್ತದೆ. ಅದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. 2022ರಲ್ಲಿ ಬಂದ ಎಎಂಡಿಯ ಎಎಂ5 ಬೋರ್ಡುಗಳಲ್ಲಿ ಇದಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು. ರ‍್ಯಾಮ್ ಹೆಚ್ಚಿದ್ದಷ್ಟೂ ಸಮಯ ಹೆಚ್ಚು. ಆ ಹೊತ್ತೆಲ್ಲ ಪರದೆ ಕಪ್ಪಾಗಿರುತ್ತದೆ. ಕೆಲವೊಮ್ಮೆ ಯಂತ್ರ ತಾನಾಗಿ ಆಫ್ ಆಗಿ ಮತ್ತೆ ಏಳುತ್ತದೆ. ಗಾಬರಿಯಾದವರು ಸ್ವಿಚ್ ತೆಗೆದು ಮತ್ತೆ ಹಾಕುತ್ತಾರೆ, ಅಳತೆ ಮೊದಲಿನಿಂದ ಶುರುವಾಗುತ್ತದೆ. ಹೀಗೆ ಒಂದು ಒಳ್ಳೆಯ ಕಂಪ್ಯೂಟರನ್ನು ಇಡೀ ರಾತ್ರಿ ಏಳಲು ಬಿಡದೆ ನಿದ್ದೆ ಕೆಡಿಸಿಕೊಂಡವರಿದ್ದಾರೆ. ಕಾಲು ಗಂಟೆ ಸುಮ್ಮನೆ ಬಿಡಿ, ಊಟ ಮಾಡಿ ಬನ್ನಿ.

ಇತ್ತೀಚಿನ ಅನೇಕ ಬೋರ್ಡುಗಳಲ್ಲಿ, 24 ಪಿನ್ನಿನ ಕನೆಕ್ಟರಿನ ಆಸುಪಾಸಿನಲ್ಲಿ ಹೆಚ್ಚಾಗಿ, ನಾಲ್ಕು ಸಣ್ಣ ದೀಪಗಳಿರುತ್ತವೆ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಪಕ್ಕದಲ್ಲೇ ಬರೆದಿರುತ್ತದೆ, ಅಂದರೆ ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಡ್ರೈವ್. ನನ್ನ ದೃಷ್ಟಿಯಲ್ಲಿ ಮದರ್‌ಬೋರ್ಡ್ ಕೊಳ್ಳುವಾಗ ಬಣ್ಣದ ಬೆಳಕಿಗಿಂತ ನೋಡಬೇಕಾದದ್ದು ಈ ನಾಲ್ಕು ದೀಪಗಳನ್ನು. ಯಾವುದು ಆರದೆ ಉರಿಯುತ್ತಾ ನಿಂತಿತೋ ಯಂತ್ರ ನಿಂತದ್ದು ಅಲ್ಲಿಯೇ. ದೀಪಗಳಿಲ್ಲದ ಅಗ್ಗದ ಬೋರ್ಡಿನಲ್ಲಿ ಸ್ಪೀಕರ್ ಸಿಕ್ಕಿಸುವ ಪಿನ್ನುಗಳಿರುತ್ತವೆ. ಒಂದು ಪುಟ್ಟ ಸ್ಪೀಕರ್ ತಂದು ಹಾಕಿದರೆ ಬೀಪ್ ಎಣಿಸಬಹುದು. ಯಾವ ಬೀಪಿಗೆ ಯಾವ ಅರ್ಥ ಎಂಬುದು ಬಯಾಸ್ ತಯಾರಕರನ್ನು ಅವಲಂಬಿಸಿ ಬದಲಾಗುತ್ತದೆ, ಅದಕ್ಕೂ ಮ್ಯಾನುಯಲ್ಲೇ ಗತಿ.

ಹಾವೇರಿ ಕಡೆಯ ಒಬ್ಬ ಡಿಪ್ಲೊಮಾ ವಿದ್ಯಾರ್ಥಿಯ ಸಂಗತಿ ಇಲ್ಲಿ ಹೇಳಬೇಕು. ಅವನು ಕೊಂಡದ್ದು ಬಿ450 ಬೋರ್ಡ್ ಮತ್ತು ರೈಜೆನ್ 5 5600. ಎಲ್ಲ ಜೋಡಿಸಿದ, ಸಿಪಿಯು ದೀಪ ಆರಲಿಲ್ಲ. ಪಕ್ಕದ ಪೇಟೆಯ ಅಂಗಡಿಗೆ ಒಯ್ದಾಗ "ಪ್ರೊಸೆಸರ್ ಹೋಗಿದೆ, ಬೇರೆ ತಗೊಳ್ಳಿ" ಅಂದರಂತೆ. ಕೊಂಡು ವಾರವೂ ಆಗಿಲ್ಲದ ಪ್ರೊಸೆಸರ್. ನನಗೆ ಬರೆದಾಗ ನಾನು ಕೇಳಿದ್ದು ರೈಜೆನ್ 5000ಕ್ಕೆ ಸಿದ್ಧ ಎಂಬ ಚೀಟಿಯನ್ನು ಬೋರ್ಡಿನ ಡಬ್ಬಿಯ ಮೇಲೆ ಅಂಟಿಸಿದ್ದಾರೆಯೇ ಎಂದು. ಬಿ450 ಬೋರ್ಡುಗಳು ಮಾರುಕಟ್ಟೆಗೆ ಬಂದದ್ದು 2018ರಲ್ಲಿ, ರೈಜೆನ್ 5000 ಸರಣಿ ಬಂದದ್ದು 2020ರ ಕೊನೆಗೆ. ಬೋರ್ಡಿನ ಬಯಾಸ್ ಹಳೆಯದಾಗಿದ್ದರೆ ತನ್ನ ನಂತರ ಹುಟ್ಟಿದ ಪ್ರೊಸೆಸರನ್ನು ಅದು ಗುರುತಿಸದು. ಇಂಟೆಲ್‌ನಲ್ಲೂ ಇದೇ ಕಥೆ: ಎಚ್610, ಬಿ660 ಬೋರ್ಡುಗಳು 12ನೆಯ ಪೀಳಿಗೆಯ ಪ್ರೊಸೆಸರಿಗಾಗಿ ಬಂದವು, 13 ಮತ್ತು 14ನೆಯ ಪೀಳಿಗೆಗೆ ಹೊಸ ಬಯಾಸ್ ಬೇಕು. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಹೊಸದು ಮಾಡುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಇರುತ್ತದೆ. ಇವನ ಬೋರ್ಡಿನಲ್ಲಿ ಇರಲಿಲ್ಲ. ಅವನ ಕಾಲೇಜಿನ ಲ್ಯಾಬಿನಲ್ಲಿ ಹಿಂದಿನ ಪೀಳಿಗೆಯ ರೈಜೆನ್ ಇದ್ದ ಒಂದು ಕಂಪ್ಯೂಟರ್ ಇತ್ತು. ಮೇಷ್ಟ್ರು ಒಪ್ಪಿ, ಎದುರಿಗೇ ನಿಂತು, ಅದರ ಪ್ರೊಸೆಸರನ್ನು ಇವನ ಬೋರ್ಡಿಗೆ ಹಾಕಿಸಿದರು. ಬೋರ್ಡು ಎದ್ದಿತು. ಬಯಾಸ್ ಹೊಸದಾಯಿತು, ಆಮೇಲೆ ಅವನ 5600 ಕೂಡ ಎದ್ದಿತು. ಒಂದು ಪೈಸೆ ಖರ್ಚಿಲ್ಲದೆ ಮುಗಿದ ಕೆಲಸ. ಅಂಗಡಿಯ ಮಾತು ಕೇಳಿದ್ದರೆ ಹೊಸ ಪ್ರೊಸೆಸರ್ ಕೊಂಡೂ ಅದೇ ಕಪ್ಪು ಪರದೆಯ ಮುಂದೆ ಕೂತಿರುತ್ತಿದ್ದ.

ಇಷ್ಟರಲ್ಲೂ ದಾರಿ ಸಿಗದಿದ್ದರೆ ಎಲ್ಲವನ್ನೂ ಬಿಚ್ಚಿ. ಇದನ್ನು ಕೇಳಿದೊಡನೆ ಹುಡುಗರ ಮುಖ ಬಾಡುತ್ತದೆ, ಆದರೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಕರೆಂಟ್ ತೆಗೆದು, ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಬೋರ್ಡನ್ನು ಹೊರತೆಗೆದು ಅದೇ ಬೋರ್ಡಿನ ರಟ್ಟಿನ ಡಬ್ಬಿಯ ಮೇಲಿಡಿ. ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, ಎಸ್‌ಎಂಪಿಎಸ್‌ನ ಎರಡು ಕೇಬಲ್, ಚಿತ್ರ ಬರಲು ಬೇಕಿದ್ದರಷ್ಟೇ ಗ್ರಾಫಿಕ್ಸ್ ಕಾರ್ಡ್. ಡ್ರೈವ್ ಬೇಡ, ಮುಂಬದಿಯ ಯುಎಸ್‌ಬಿ ವೈರು ಬೇಡ, ಬಣ್ಣದ ಲೈಟು ಬೇಡ. ಪ್ರೊಸೆಸರ್ ತೆಗೆದಾಗ ಸಾಕೆಟ್ಟನ್ನು ಒಳ್ಳೆಯ ಬೆಳಕಿನಲ್ಲಿ ಓರೆಯಾಗಿ ನೋಡಿ. ಇಂಟೆಲ್‌ನ ಎಲ್‌ಜಿಎ1700ರಲ್ಲಿ 1700 ಪಿನ್ನುಗಳು, ಎಎಂ5ರಲ್ಲಿ 1718. ಬಾಗಿದ ಒಂದು ಪಿನ್ ಇದ್ದರೂ ಬೆಳಕು ಅಲ್ಲಿ ಬೇರೆ ತೆರನಾಗಿ ಹೊಳೆಯುತ್ತದೆ. ಕೂಲರಿನ ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ಎಂದೂ ನೋಡಿಕೊಳ್ಳಿ. ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಹಾಕಿದರೆ ಬಯಾಸ್ ಸೆಟ್ಟಿಂಗುಗಳು ಮೂಲಸ್ಥಿತಿಗೆ ಬರುತ್ತವೆ. ಡಬ್ಬಿಯ ಮೇಲೆ ಯಂತ್ರ ಎದ್ದರೆ ತೊಂದರೆ ಇದ್ದದ್ದು ಕ್ಯಾಬಿನೆಟ್ಟಿನಲ್ಲಿ ಅಥವಾ ನೀವು ಬಿಟ್ಟ ಪಾರ್ಟುಗಳಲ್ಲಿ. ಒಂದೊಂದಾಗಿ ಸೇರಿಸುತ್ತಾ ಪ್ರತಿ ಸಲವೂ ಆನ್ ಮಾಡಿ ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಯಾವತ್ತಿಗೂ ತಿಳಿಯುವುದಿಲ್ಲ.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಬರಹ ಬಂತೆಂದರೆ ಹೆದರಬೇಡಿ, ಸಂತೋಷಪಡಿ. ಬೂಟ್ ಮಾಡಲು ಡ್ರೈವ್ ಸಿಗಲಿಲ್ಲ ಎಂದರೆ ವಿಂಡೋಸ್ ಇನ್ನೂ ಹಾಕಿಲ್ಲ ಎಂದಷ್ಟೇ. ಸಿಪಿಯು ಫ್ಯಾನ್ ದೋಷ ಎಂದರೆ ಫ್ಯಾನಿನ ವೈರು ಬೇರೆ ಪಿನ್ನಿಗೆ ಹೋಗಿರಬಹುದು. ಯಂತ್ರ ತನ್ನ ದಾರಿಯ ಬಹುಪಾಲನ್ನು ದಾಟಿ ಬಂದಿದೆ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಬರೆಯುವವರೂ ಇದ್ದಾರೆ. ಅದಕ್ಕೆ ಕಾರಣ ಸಾಮಾನ್ಯವಾಗಿ ಮನೆಯ ಅರ್ಥಿಂಗ್. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಅತಿ ಸಣ್ಣ ಕರೆಂಟು ಲೋಹದ ಕವಚಕ್ಕೆ ಬರುತ್ತದೆ, ಅದು ಅರ್ಥ್ ವೈರಿನಲ್ಲಿ ಇಳಿದುಹೋಗಬೇಕು. ನಮ್ಮ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿಪಡಿಸಿದ ಮೇಲೆಯೇ ಮುಂದಿನ ಕೆಲಸ. ಎಸ್‌ಎಂಪಿಎಸ್ ಅನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಎಲ್ಲ ಮಾಡಿದ ಮೇಲೂ ಏಳದ ಯಂತ್ರಗಳಿರುತ್ತವೆ, ನಿಜವಾಗಿಯೂ ಕೆಟ್ಟ ಪಾರ್ಟ್ ಬಂದಿರುತ್ತದೆ. ಆಗ ವಾರಂಟಿಗೆ ಬಿಲ್ಲು, ಡಬ್ಬಿ ಮತ್ತು ಸಾಕೆಟ್ಟಿನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳ ಬೇಕು. ಮುಚ್ಚಳವಿಲ್ಲದ ಬೋರ್ಡನ್ನು ಅನೇಕ ಸರ್ವಿಸ್ ಸೆಂಟರುಗಳು ತೆಗೆದುಕೊಳ್ಳುವುದಿಲ್ಲ, ಕಸವೆಂದು ಎಸೆಯಬೇಡಿ. ಕಷ್ಟವಿರುವುದು ಕೆಟ್ಟದ್ದು ಯಾವುದೆಂದು ತೀರ್ಮಾನಿಸುವುದರಲ್ಲಿ. ಅದಕ್ಕೆ ಕೆಲಸ ಮಾಡುತ್ತಿರುವ ಇನ್ನೊಂದು ಎಸ್‌ಎಂಪಿಎಸ್, ಇನ್ನೊಂದು ರ‍್ಯಾಮ್ ಬೇಕು, ಮೊದಲ ಕಂಪ್ಯೂಟರ್ ಕಟ್ಟುವವರ ಬಳಿ ಅವು ಇರುವುದಿಲ್ಲ. ಬೆಂಗಳೂರಿನವರು ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೊತ್ತುಕೊಂಡು ಹೋಗಬಹುದು. ಹಾನಗಲ್ಲಿನವರು, ಮಾನ್ವಿಯವರು ಎಲ್ಲಿಗೆ ಹೋಗಬೇಕು?

ನಮ್ಮ ಪಾಲಿಟೆಕ್ನಿಕ್, ಐಟಿಐ, ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಪರೀಕ್ಷೆಗೆ ಸಾಕಾಗುವಷ್ಟು ಹಳೆಯ ಪಾರ್ಟುಗಳಿವೆ, ಅವನ್ನು ಬಲ್ಲ ಮೇಷ್ಟ್ರುಗಳೂ ಲ್ಯಾಬ್ ಸಹಾಯಕರೂ ಇದ್ದಾರೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಒಂದು ಮೇಜು, ಒಂದು ಒಳ್ಳೆಯ ಎಸ್‌ಎಂಪಿಎಸ್, ಡಿಡಿಆರ್4 ಮತ್ತು ಡಿಡಿಆರ್5ರ ಒಂದೊಂದು ರ‍್ಯಾಮ್, ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇಟ್ಟು ಊರಿನ ಹುಡುಗರಿಗೆ ಬಾಗಿಲು ತೆರೆಯಿರಿ ಎಂದು ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ. ಇಂಥ ಮೇಜು ಯಾವ ಊರಿನಲ್ಲಿ ಶುರುವಾದರೂ ನನಗೆ ತಿಳಿಸಿ, ಈ ಅಂಕಣದಲ್ಲಿ ಊರು, ಕಾಲೇಜು, ವೇಳೆ ಎಲ್ಲವನ್ನೂ ಪ್ರಕಟಿಸುತ್ತೇನೆ.